ಹೊಡೆಯದೆ, ಬೈಯದೆ ಇಡೀ ಶಾಲೆಯಲ್ಲಿ ಶಿಸ್ತು ತರುವುದು ಹೇಗೆ?

ಮಕ್ಕಳ ಗಲಾಟೆ ಜಾಸ್ತಿಯಾಗಿದೆ, ಹೊಡೆಯುವ ಹಾಗಿಲ್ಲ, ಸ್ಟಾರ್ ಚಾರ್ಟ್ (ಒಳ್ಳೆಯದಾಗಿ ನಡೆದುಕೊಂಡವರ ಹೆಸರಿನ ಮುಂದೆ ಸ್ಟಾರ್ ಅಂಟಿಸುವ ಪಟ್ಟಿ) ಹಾಕಿದರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ನಾನು ಚಿಂತಾಮಣಿ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರಲ್ಲಿ ಮೇಷ್ಟ್ರು. ಚಾರ್ಟ್ ಆಮೇಲೆ. ಮೊದಲು ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೂತು ಮಾತಾಡಿ.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಅಂದರೆ ‘ದನ ಕಾಯೋಕೆ ಹೋಗು’ ಅನ್ನುವುದನ್ನೂ ಬಿಡಬೇಕು. (ಬೆಳಗ್ಗೆ ದನ ಕಟ್ಟಿ, ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿ ಶಾಲೆಗೆ ಬರುವ ಮಕ್ಕಳು ನಮ್ಮಲ್ಲಿದ್ದಾರೆ. ಅದು ಬೈಗುಳ ಹೇಗಾಯ್ತೋ!)

ನಿಜವಾದ ತೊಂದರೆ ಏನೆಂದರೆ, ಒಬ್ಬರು ನಕ್ಕು ಬಿಟ್ಟುಬಿಡುವ ತಪ್ಪಿಗೆ ಇನ್ನೊಬ್ಬರು ರೇಗುತ್ತಾರೆ, ಮೂರನೆಯವರು ನೋಡಿಯೂ ನೋಡದ ಹಾಗೆ ಹೋಗುತ್ತಾರೆ, ಮಕ್ಕಳು ನಿಯಮ ಕಲಿಯುವ ಬದಲು ಮೇಷ್ಟ್ರ ಮುಖ ಓದುವುದನ್ನು ಕಲಿಯುತ್ತಾರೆ. ಅಮೆರಿಕದ ಎಷ್ಟೋ ಶಾಲೆಗಳಲ್ಲಿ ಪಿಬಿಐಎಸ್ ಅನ್ನುವ ಪದ್ಧತಿ ಇದೆ, ಶಿಕ್ಷೆಗಿಂತ ಒಳ್ಳೆಯ ನಡವಳಿಕೆಯನ್ನು ಇಡೀ ಶಾಲೆ ಸೇರಿ ಕಲಿಸುವುದು ಅಂತ. ಇಡೀ ಶಾಲೆಗೆ ಮೂರರಿಂದ ಐದು ನಿಯಮ, ಅಷ್ಟೇ. ಅದನ್ನೂ ‘ಬೇಡ’ ಅಂತಲ್ಲ, ಏನು ಮಾಡಬೇಕು ಅಂತ ಹೇಳುವುದು. ‘ನೂಕಬೇಡ’ ಬದಲು ‘ಮುಂದಿನವರಿಗೆ ಒಂದು ಕೈ ದೂರ ನಿಲ್ಲು’.

ಗೋಡೆ ಮೇಲೆ ಬರೆಸಿದರೆ ಸಾಲದು. ಬಿಸಿಯೂಟದ ಸಾಲು, ಕೈ ತೊಳೆಯುವ ನಲ್ಲಿ, ಹಾಲು ಕೊಡುವ ಜಾಗ, ಅಲ್ಲಲ್ಲೇ ನಿಂತು ಮಾಡಿ ತೋರಿಸಿ, ಮಕ್ಕಳಿಂದ ಮಾಡಿಸಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು. ಒಂದನೇ ಕ್ಲಾಸಿನವರಿಗೆ ಎರಡು ಮಾತು ತೆಲುಗಿನಲ್ಲೇ ಹೇಳಿದರೆ ಏನೂ ನಷ್ಟವಿಲ್ಲ. ಅಡುಗೆಯವರಿಗೂ ಈ ನಿಯಮ ಗೊತ್ತಿರಲಿ, ಊಟದ ಹೊತ್ತಿನ ಜಗಳ ನಮಗಿಂತ ಮುಂಚೆ ಕಾಣುವುದು ಅವರಿಗೇ.

ಇನ್ನೊಂದು ಕೆಲಸ: ಗಲಾಟೆ ಎಲ್ಲಿ, ಎಷ್ಟೊತ್ತಿಗೆ ಆಗುತ್ತದೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ. ಇಡೀ ಶಾಲೆಗೆ ಎರಡೇ ನಲ್ಲಿ ಇದ್ದು ಎಲ್ಲರನ್ನೂ ಒಂದೇ ಬೆಲ್ಲಿಗೆ ಬಿಟ್ಟರೆ ನೂಕಾಟ ಆಗದೆ ಇರುತ್ತಾ? ಚಿಕ್ಕವರನ್ನು ಐದು ನಿಮಿಷ ಮುಂಚೆ ಬಿಡಿ. ಅರ್ಧ ಜಗಳಕ್ಕೆ ಶಿಸ್ತಿನ ಪಾಠವೇ ಬೇಕಾಗುವುದಿಲ್ಲ.

ಈಗ ಚಾರ್ಟ್ ವಿಷಯ. 1973ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಬಹುಮಾನ ಕೊಡುತ್ತೇವೆ ಅಂತ ಮೊದಲೇ ಹೇಳಿ ಚಿತ್ರ ಬರೆಸಿದ ಪುಟ್ಟ ಮಕ್ಕಳು ಆಮೇಲೆ ತಾವಾಗಿ ಬರೆಯುವುದನ್ನೇ ಕಡಿಮೆ ಮಾಡಿದರು. ಅದಕ್ಕೇ ನನಗೆ ಸ್ಟಾರ್ ಮೇಲೆ ಅಷ್ಟು ನಂಬಿಕೆಯಿಲ್ಲ. ಸುಮ್ನೆ ‘ವೆರಿ ಗುಡ್’ ಕೂಡ ಬೇಡ. ‘ಬಿದ್ದ ತಟ್ಟೆ ನಿಂದಲ್ಲ, ಆದ್ರೂ ಎತ್ತಿಟ್ಟೆ, ನೋಡ್ದೆ’ ಅನ್ನಿ. ಕೊಡಲೇಬೇಕು ಅಂದರೆ ಕ್ಲಾಸಿಗೆಲ್ಲ ಸೇರಿಸಿ ಹತ್ತು ನಿಮಿಷ ಜಾಸ್ತಿ ಖೋ ಖೋ ಕೊಡಿ.

ಇಷ್ಟಾದರೂ ಕೆಲವರು ಬಗ್ಗುವುದಿಲ್ಲ. ಅವರನ್ನು ಪ್ರಾರ್ಥನೆಯಲ್ಲಿ ಎಲ್ಲರ ಮುಂದೆ ನಿಲ್ಲಿಸಬೇಡಿ. ಒಬ್ಬ ಮೇಷ್ಟ್ರು ಅಥವಾ ಮೇಡಂ ದಿನಾ ಬೆಳಗ್ಗೆ ಆ ಮಗುವನ್ನು ಎರಡು ನಿಮಿಷ ಮಾತಾಡಿಸಲಿ, ತಿಂಡಿ ತಿಂದ್ಯಾ, ರಾತ್ರಿ ನಿದ್ದೆ ಬಂತಾ ಅಂತ. ಮನೆಯವರನ್ನು ಕರೆಸುವುದು ಆಮೇಲೆ, ಅದೂ ಬರೀ ದೂರು ಹೇಳುವುದಕ್ಕಲ್ಲ.