ಅಳಿವೆ ದಾಟುವ ಮುನ್ನ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಚಿಕ್ಕ ದೋಣಿಗಳಲ್ಲಿ ಅಳಿವೆ, ಅಂದರೆ ನದಿ ಕಡಲು ಸೇರುವ ಬಾಯಿ, ದಾಟಿ ಕಡಲಿಗೆ ಹೋಗುವವರು ಕಳುಹಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ಆಯ್ದಿದ್ದೇವೆ. ಇಲ್ಲಿನ ಲೆಕ್ಕಗಳೆಲ್ಲ ಮೇಲ್ಛಾವಣಿಯಿಲ್ಲದ ನಾಡದೋಣಿ, 10 ಎಚ್‌ಪಿ ಒಳಗಿನ ಔಟ್‌ಬೋರ್ಡ್ ಇಂಜಿನ್‌ಗೆ ಹೊಂದುವಂಥವು. ದೊಡ್ಡ ಬಲೆಯ ಟ್ರಾಲ್ ಬೋಟು, ಪರ್ಸೀನ್ ಬೋಟುಗಳ ಮಾತೇ ಬೇರೆ.

ನಮ್ಮದು 28 ಅಡಿಯ ಫೈಬರ್ ದೋಣಿ, 9.9 ಎಚ್‌ಪಿ ಇಂಜಿನ್. ಮೊಬೈಲಿನಲ್ಲಿ ಅಲೆಯ ಎತ್ತರ 1.4 ಮೀಟರ್ ಎಂದು ತೋರಿಸಿದ ದಿನ ಸಲೀಸಾಗಿ ಹೋಗಿಬಂದೆವು. ಅದೇ 1.4 ಇದ್ದ ಇನ್ನೊಂದು ದಿನ ಅಳಿವೆ ಬಾಗಿಲಲ್ಲೇ ದೋಣಿ ಮಗುಚುವುದರಲ್ಲಿತ್ತು. ಮುನ್ಸೂಚನೆ ನಂಬಬಹುದೇ? (ಗಂಗೊಳ್ಳಿಯ ಓದುಗರು)

ನಂಬಬಹುದು, ಆದರೆ ಎತ್ತರವೊಂದನ್ನೇ ನೋಡಿದರೆ ಸಾಲದು. ಅದರ ಪಕ್ಕದಲ್ಲೇ ಸೆಕೆಂಡಿನ ಅಂಕಿ ಇರುತ್ತದೆ. ಒಂದು ತೆರೆ ಬಂದು ಮತ್ತೊಂದು ಬರುವವರೆಗಿನ ಸಮಯ ಅದು, ಅದನ್ನೇ ಅವಧಿ ಎನ್ನುವುದು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೊಡುವ ಕಡಲ ಸ್ಥಿತಿಯ ಮುನ್ಸೂಚನೆಯಲ್ಲಿ ಗಾಳಿ, ತೆರೆಯ ಎತ್ತರ, ಸ್ವೆಲ್ (ದೂರದಿಂದ ಸಾಗಿ ಬರುವ ಉದ್ದ ತೆರೆ), ಅವಧಿ ಎಲ್ಲವೂ ಬೇರೆಬೇರೆಯಾಗಿ ಸಿಗುತ್ತವೆ.

6 ಸೆಕೆಂಡಿನ ತೆರೆ ಅಲ್ಲೇ ಬೀಸುವ ಗಾಳಿ ಎಬ್ಬಿಸಿದ್ದು. ಆಳ ನೀರಿನಲ್ಲಿ ಅದರ ಉದ್ದ ಸುಮಾರು 56 ಮೀಟರ್. 14 ಸೆಕೆಂಡಿನದು ಎಲ್ಲೋ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಿಂದ ಹೊರಟು ದಿನಗಟ್ಟಲೆ ಸಾಗಿ ಬಂದ ಸ್ವೆಲ್, ಉದ್ದ 300 ಮೀಟರ್ ದಾಟುತ್ತದೆ. ನಡುಗಡಲಿನಲ್ಲಿ ಈ ಉದ್ದ ತೆರೆ ದೋಣಿಯನ್ನು ಮೆಲ್ಲಗೆ ಎತ್ತಿ ಇಳಿಸುತ್ತದೆ, ತೊಂದರೆ ಕೊಡುವುದಿಲ್ಲ. ಚುಟುಕು ತೆರೆಯೇ ಅಲ್ಲಿ ಹೆಚ್ಚು ಕಾಟ. ಅಳಿವೆಗೆ ಬಂದಾಗ ಲೆಕ್ಕ ತಿರುಗುಮುರುಗು. 3 ಮೀಟರ್ ಆಳದ ಮರಳುದಿಬ್ಬದ ಮೇಲೆ 6 ಸೆಕೆಂಡಿನ 1.4 ಮೀಟರ್ ತೆರೆ ಹೆಚ್ಚುಕಡಿಮೆ 1.4 ಆಗಿಯೇ ಉಳಿಯುತ್ತದೆ. 14 ಸೆಕೆಂಡಿನದು ಓಟ ತಗ್ಗಿ, ಒತ್ತೊತ್ತಾಗಿ, 2 ಮೀಟರಿನವರೆಗೆ ಏಳುತ್ತದೆ.

ಇನ್ನೂ ಎರಡು ಸಂಗತಿ ಸೇರಿಸಿಕೊಳ್ಳಿ. ಮುನ್ಸೂಚನೆಯ ಎತ್ತರವೆಂದರೆ ಎಲ್ಲ ತೆರೆಗಳಲ್ಲಿ ದೊಡ್ಡವಾದ ಮೂರನೇ ಒಂದು ಪಾಲಿನ ಸರಾಸರಿ. ಕೆಲವು ಗಂಟೆ ಕಡಲಿನಲ್ಲಿದ್ದರೆ ಅದರ ಸುಮಾರು ಎರಡರಷ್ಟು ಎತ್ತರದ್ದೊಂದು ಎದುರಾದೀತು. ಎರಡನೆಯದು, ನೀರಿನ ಆಳದ ಸುಮಾರು ಮುಕ್ಕಾಲು ಪಾಲು ಎತ್ತರಕ್ಕೆ ಬಂದ ತೆರೆ ನಿಲ್ಲಲಾರದೆ ಮುರಿಯುತ್ತದೆ. 3 ಮೀಟರ್ ಆಳದಲ್ಲಿ ಆ ಗಡಿ 2.3 ಮೀಟರ್. ನಿಮ್ಮ ಮೊದಲ ದಿನ ಬಂದದ್ದು ಚುಟುಕು ತೆರೆ, ಎರಡನೆಯ ದಿನ ಸ್ವೆಲ್ ಇರಬೇಕು. ಮೊದಲ ದಿನದ ತೆರೆಗಳಲ್ಲಿ ಹೆಚ್ಚಿನವು ಮುರಿಯದೆ ದಾಟಿರಬೇಕು. ಎರಡನೆಯ ದಿನ ಗುಂಪಿನ ದೊಡ್ಡ ತೆರೆಗಳೆಲ್ಲ ದಿಬ್ಬದ ಮೇಲೆಯೇ ಮುರಿದಿರಬೇಕು. ಮುರಿಯದ ಎರಡು ಮೀಟರ್ ತೆರೆಯನ್ನು ನಿಮ್ಮ ದೋಣಿ ಹತ್ತಿ ಇಳಿಯಬಲ್ಲದು. ಮುರಿಯುವ ತೆರೆ ದೋಣಿಯ ಅಗಲದಷ್ಟು ಎತ್ತರವಿದ್ದು ಬದಿಗೆ ಬಡಿದರೆ ಮಗುಚಲು ಅಷ್ಟೇ ಸಾಕು.

ಹಾಗಾಗಿ 12 ಸೆಕೆಂಡಿಗಿಂತ ಹೆಚ್ಚಿನ ಅವಧಿ ಕಂಡ ದಿನ ಎತ್ತರ 1 ಮೀಟರ್ ಇದ್ದರೂ ಅಳಿವೆಯನ್ನು ಕಣ್ಣಾರೆ ನೋಡದೆ ದೋಣಿ ಬಿಡಬೇಡಿ. ಗಾಳಿಯೇ ಇಲ್ಲ, ಬಾನು ಶುಭ್ರ, ಆದರೂ ದಡಕ್ಕೆ ತೆರೆ ಅಪ್ಪಳಿಸುತ್ತಿದೆ ಎಂದರೆ ಬಂದಿರುವುದು ಇದೇ ಸ್ವೆಲ್.

ಅಳಿವೆಯನ್ನು ಎಷ್ಟು ಹೊತ್ತು ನೋಡಬೇಕು, ಏನನ್ನು ನೋಡಬೇಕು? ಯಾವ ಹೊತ್ತು ಒಳ್ಳೆಯದು? (ಹೊನ್ನಾವರದ ಓದುಗರು)

ಕನಿಷ್ಠ 20 ನಿಮಿಷ. ಎರಡು ನಿಮಿಷ ನೋಡಿ "ಕಡಲು ತಣ್ಣಗಿದೆ" ಎನ್ನುವವರೇ ಹೆಚ್ಚಾಗಿ ಸಿಕ್ಕಿಬೀಳುವುದು. ದೊಡ್ಡ ತೆರೆಗಳು ಗುಂಪಾಗಿ ಬರುತ್ತವೆ. ನಾಲ್ಕಾರು ದೊಡ್ಡವು ಬಂದುಹೋದ ಮೇಲೆ ಹಲವು ನಿಮಿಷ ಏನೂ ಇಲ್ಲದಂತೆ ಕಾಣಬಹುದು. ತಡೆಗೋಡೆಯ ತುದಿಯಲ್ಲೋ ಎತ್ತರದ ದಡದಲ್ಲೋ ನಿಂತು, ಮೊಬೈಲಿನ ಗಡಿಯಾರ ಹಿಡಿದು, ಒಂದು ಗುಂಪಿನ ಕೊನೆಯ ತೆರೆಯಿಂದ ಮುಂದಿನ ಗುಂಪಿನ ಮೊದಲ ತೆರೆಯವರೆಗೆ ಎಷ್ಟು ಬಿಡುವಿದೆ ಎಂದು ಮೂರು ನಾಲ್ಕು ಸಲ ಬರೆದುಕೊಳ್ಳಿ.

ಆ ಬಿಡುವು ದೋಣಿಗೆ ಸಾಲುತ್ತದೆಯೇ ಎಂಬುದು ಮುಂದಿನ ಲೆಕ್ಕ. ತೆರೆ ಮುರಿಯುವ ಜಾಗದ ಉದ್ದ 300 ಮೀಟರ್ ಎಂದುಕೊಳ್ಳಿ. ಮೀನು, ಬಲೆ ತುಂಬಿದ ದೋಣಿ ಗಂಟೆಗೆ 10 ಕಿ.ಮೀ. ಓಡಿದರೆ ದಾಟಲು ಸುಮಾರು 1 ನಿಮಿಷ 50 ಸೆಕೆಂಡು ಬೇಕು. 14 ಸೆಕೆಂಡಿನ ತೆರೆಗಳಾದರೆ ಅಷ್ಟರಲ್ಲಿ ಎಂಟು ತೆರೆ ಬಂದಿರುತ್ತವೆ. ಬಿಡುವು ಮೂರು ನಿಮಿಷಕ್ಕಿಂತ ಕಡಿಮೆಯಿದ್ದರೆ ಬೇಡ. ಬಾಗಿಲಿನ ಅಡ್ಡಗಲಕ್ಕೂ ಬಿಳಿ ನೊರೆಯ ಗೆರೆ ಎದ್ದು, ಎಲ್ಲಿಯೂ ನೊರೆಯಿಲ್ಲದ ದಾರಿ ಕಾಣದಿದ್ದರೆ ಗಡಿಯಾರ ನೋಡುವ ಕೆಲಸವೂ ಉಳಿಯಲಿಲ್ಲ.

ಇನ್ನು ಹೊತ್ತು. ನೀರು ಏರುವ ಕೊನೆಯ ಎರಡು ಗಂಟೆ ಮತ್ತು ಭರತ (ಏರುನೀರಿನ ತುದಿ) ನಿಂತ ಹೊತ್ತು ಎಲ್ಲಕ್ಕಿಂತ ಒಳ್ಳೆಯದು. ಆಗ ಆಳವೂ ಹೆಚ್ಚು, ಹರಿವೂ ತೆರೆಯ ಜೊತೆಗೇ ಒಳಮುಖ. ಇಳಿತದಲ್ಲಿ ಹೊರಗೆ ಹರಿಯುವ ನೀರು ಬರುವ ತೆರೆಗೆ ಎದುರಾಗಿ ಅದನ್ನು ಮೊಟಕು ಮಾಡಿ ಕಡಿದಾಗಿ ಎಬ್ಬಿಸುತ್ತದೆ. ಇಳಿತದ ಆರು ಗಂಟೆಯಲ್ಲಿ ಅರ್ಧದಷ್ಟು ನೀರು ಹೊರಬೀಳುವುದು ನಡುವಿನ ಮೂರನೇ, ನಾಲ್ಕನೇ ಗಂಟೆಗಳಲ್ಲಿ. ಆ ಎರಡು ಗಂಟೆ ಅಳಿವೆಯಿಂದ ದೂರವಿರಿ. ಹುಣ್ಣಿಮೆ, ಅಮಾವಾಸ್ಯೆಯ ದಿನ ಮತ್ತು ಆಮೇಲಿನ ಒಂದೆರಡು ದಿನ ಸೆಳೆತ ಅತಿ ಹೆಚ್ಚು. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹೋದ ವಾರ ಇದೇ ಗಂಟೆಗೆ ದಾಟಿದ್ದೆವು ಎಂಬ ಮಾತಿಗೆ ಅರ್ಥವಿಲ್ಲ.

ಹೊನ್ನಾವರದಂತೆ ನದಿ ಕಡಲು ಸೇರುವ ಕಡೆ ಇನ್ನೊಂದು ತೊಡಕಿದೆ. ಘಟ್ಟದಲ್ಲಿ ಜೋರು ಮಳೆಯಾದರೆ ಏರುನೀರಿನ ಹೊತ್ತಿನಲ್ಲೂ ಮೇಲ್ನೀರು ಹೊರಗೇ ಹರಿಯುತ್ತಿರಬಹುದು. ಮರಳುದಿಬ್ಬವೂ ಒಂದೇ ನೆರೆಗೆ ಜಾಗ ಬದಲಿಸಬಹುದು. ಹೋದ ತಿಂಗಳ ಜಿಪಿಎಸ್ ಗೆರೆ ಹಿಡಿದು ಕತ್ತಲಲ್ಲಿ ಒಳಬರುವುದು ಹುಚ್ಚು ಧೈರ್ಯ.

ಹವಾಮಾನ ಇಲಾಖೆಯ ಎಚ್ಚರಿಕೆ ಇಲ್ಲದ ದಿನ ಹೋಗಬಹುದಲ್ಲವೇ? (ಮಲ್ಪೆಯ ಓದುಗರು)

ಇದು ಅನೇಕರ ಎಣಿಕೆ, ಅಪಾಯದ ಎಣಿಕೆಯೂ ಹೌದು. ಮೀನುಗಾರರಿಗೆ ಕೊಡುವ ಎಚ್ಚರಿಕೆಯಲ್ಲಿ ಸಾಮಾನ್ಯವಾಗಿ "ಗಂಟೆಗೆ 45ರಿಂದ 55 ಕಿ.ಮೀ., ಒಮ್ಮೊಮ್ಮೆ 65 ಕಿ.ಮೀ. ವೇಗದ ಗಾಳಿ" ಎಂದಿರುತ್ತದೆ. ಅದು ದೊಡ್ಡ ಬೋಟುಗಳೂ ಬಂದರು ಸೇರಬೇಕಾದ ಗಾಳಿ. ನಾಡದೋಣಿಯ ಮಿತಿ ಅದರ ಅರ್ಧಕ್ಕೇ ಮುಗಿಯುತ್ತದೆ.

ಗಾಳಿ 12ರಿಂದ 19 ಕಿ.ಮೀ. ಇದ್ದಾಗ ಅಲ್ಲೊಂದು ಇಲ್ಲೊಂದು ತೆರೆಯ ತಲೆ ಬೆಳ್ಳಗಾಗುತ್ತದೆ, ಕೆಲಸ ಮಾಡಬಹುದು. ಎಲ್ಲಿ ನೋಡಿದರೂ ಬೆಳ್ಳನೆ ತಲೆಗಳು ಕಂಡರೆ ಗಾಳಿ 20ರ ಮೇಲೆ ಹೋಗಿದೆ, ಬಲೆ ಎಳೆದು ಹಿಂದಿರುಗುವ ಹೊತ್ತು. 29 ದಾಟಿತೆಂದರೆ ತೆರೆಯ ನೊರೆ ಹಾರಿ ಮೈಮೇಲೆ ಸಿಡಿಯುತ್ತದೆ. ಆಗ ಹೊರಗಿರಲೇಬಾರದು. ಮುನ್ಸೂಚನೆ ನಾಟ್‌ನಲ್ಲಿದ್ದರೆ 1.85ರಿಂದ ಗುಣಿಸಿ.

ಮಾರ್ಚ್‌ನಿಂದ ಮೇವರೆಗೆ ನಮ್ಮ ಕರಾವಳಿಯಲ್ಲಿ ಬೆಳಗಿನ ಗಾಳಿ ನೋಡಿ ದಿನವನ್ನು ಅಳೆಯುವಂತಿಲ್ಲ. ನಡುಹಗಲಿನ ಮೇಲೆ ವಾಯವ್ಯದ ಕಡಲಗಾಳಿ ಎದ್ದು ಸಂಜೆಯವರೆಗೆ ಬಲಿಯುತ್ತದೆ. ಹೊರಡುವ ಬೆಳಗಿನ ಐದು ಗಂಟೆಯ ಅಂಕಿಯ ಜೊತೆಗೆ ಮರಳುವ ಹೊತ್ತಿನ ಅಂಕಿ ನೋಡಿ, ಎರಡರಲ್ಲಿ ಕೆಟ್ಟದ್ದಕ್ಕೆ ತಕ್ಕಂತೆ ತೀರ್ಮಾನಿಸಿ. ತೆಂಕಕ್ಕೆ ಹೋದವರು ಬಡಗಿಗೆ ಮರಳುವಾಗ ಗಾಳಿ ಎದುರಾಗುತ್ತದೆ, ಇಂಧನ ಒಂದೂವರೆ ಪಟ್ಟು ಸುಟ್ಟರೂ ಅಚ್ಚರಿಯಿಲ್ಲ. ಮೂರರಲ್ಲಿ ಒಂದು ಪಾಲು ಹೋಗಲು, ಒಂದು ಬರಲು, ಒಂದು ಮುಟ್ಟದೆ ಉಳಿಸಲು ಎಂಬ ಹಳೆಯ ಲೆಕ್ಕವೇ ಸರಿ.

ಜೂನ್, ಜುಲೈನಲ್ಲಿ 10 ಎಚ್‌ಪಿ ಒಳಗಿನ ದೋಣಿಗೆ ನಿಷೇಧವಿಲ್ಲ. ಅಂದರೆ ಅಪಾಯವಿಲ್ಲ ಎಂದೇ? (ಶಿರೂರಿನ ಓದುಗರು)

ಅಲ್ಲ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧ ಮೀನಿನ ಸಂತಾನಕ್ಕಾಗಿ. ಚಿಕ್ಕ ದೋಣಿಗೆ ವಿನಾಯಿತಿ ಕೊಟ್ಟದ್ದು ಹೊಟ್ಟೆಪಾಡಿಗಾಗಿ. ಕಡಲಿಗೆ ಆ ಆದೇಶ ತಲುಪಿಲ್ಲ.

ಅಳಿವೆಯ ಹೊರಗೆ ಬಂದು ನೋಡಿದಾಗ ತೆರೆ ಮುರಿಯುತ್ತಿದೆ, ಒಳಗೆ ಬರಲೇಬೇಕು. ಹೇಗೆ? (ಕೋಡಿ ಬೆಂಗ್ರೆಯ ಓದುಗರು)

ಮೊದಲು ಬರಲೇಬೇಕೇ ಎಂದು ಕೇಳಿಕೊಳ್ಳಿ. ಇಂಧನವಿದ್ದರೆ ಭರತದವರೆಗೆ ಹೊರಗೆ ಕಾಯಬಹುದು, ಇಲ್ಲವೇ ಆಳವಾದ ಬಾಗಿಲಿರುವ ಬಂದರಿಗೆ ಹೋಗಬಹುದು. ಬೋಟ್ ಮಾಲೀಕರ ಮುಖ ಆಮೇಲೆ ನೋಡಿದರಾಯಿತು.

ಬರುವುದೇ ಆದರೆ ಮುರಿಯುವ ಗೆರೆಯಿಂದ ಸಾಕಷ್ಟು ಹೊರಗೆ ನಿಂತು ಎಲ್ಲರೂ ಲೈಫ್ ಜಾಕೆಟ್ ತೊಟ್ಟು ಪಟ್ಟಿ ಬಿಗಿಯಿರಿ. ಸೀಟಿನಡಿಯ ಜಾಕೆಟ್ ಮಗುಚಿದ ಮೇಲೆ ಸಿಗುವುದಿಲ್ಲ. ಬಲೆಯ ಹಗ್ಗದ ಒಂದು ತುಂಡೂ ಹೊರಗೆ ಜೋತುಬಿದ್ದಿರಬಾರದು, ಪ್ರೊಪೆಲ್ಲರಿಗೆ ಸುತ್ತಿದರೆ ಅಲ್ಲಿಗೆ ಮುಗಿಯಿತು. ಮೀನಿನ ಭಾರ ನಡುವಿಗೆ, ತಳಕ್ಕೆ. ಮೂತಿಯ ಕಡೆ ಭಾರವಿದ್ದರೆ ಹಿಂದಿನಿಂದ ತೆರೆ ಎತ್ತಿದಾಗ ಮೂತಿ ನೀರಿಗೆ ನಾಟಿ ದೋಣಿ ಅಡ್ಡ ತಿರುಗುತ್ತದೆ. ತಳದ ನೀರು ಚೆಲ್ಲಿಬಿಡಿ. ಅದು ಎತ್ತ ವಾಲಿದರೆ ಅತ್ತ ಓಡಿ ವಾಲುವಿಕೆಯನ್ನು ಹೆಚ್ಚಿಸುತ್ತದೆ.

ಸೀಮೆಎಣ್ಣೆಯ ಇಂಜಿನ್ ಇದ್ದವರು ಒಂದು ಗಮನಿಸಬೇಕು. ಸೀಮೆಎಣ್ಣೆಯಲ್ಲಿ ನಿಧಾನಗತಿಯಲ್ಲಿ ತುಂಬಾ ಹೊತ್ತು ಓಡಿಸಿದರೆ ಸ್ಪಾರ್ಕ್ ಪ್ಲಗ್‌ಗೆ ಮಸಿ ಹಿಡಿದು, ಒಮ್ಮೆಲೇ ವೇಗ ಕೊಟ್ಟಾಗ ಇಂಜಿನ್ ನಿಂತುಬಿಡುತ್ತದೆ. ಅಳಿವೆ ಎದುರು ಕಾಯುವಾಗ ಆಗುವುದು ಇದೇ. ಕಾಯುವಾಗ ಪೆಟ್ರೋಲಿಗೆ ಬದಲಿಸಿ, ಆಗಾಗ ವೇಗ ಏರಿಸಿ ನೋಡಿ, ದಾಟುವುದನ್ನೂ ಪೆಟ್ರೋಲಿನಲ್ಲೇ ಮುಗಿಸಿ. ನಡುದಾರಿಯಲ್ಲಿ ಇಂಧನ ಬದಲಿಸಬೇಡಿ.

ಗುಂಪಿನ ಕೊನೆಯ ದೊಡ್ಡ ತೆರೆ ನಿಮ್ಮನ್ನು ದಾಟಿದ ಕೂಡಲೇ ಅದರ ಬೆನ್ನ ಹಿಂದೆ ಪೂರ್ತಿ ವೇಗದಲ್ಲಿ ಹೊರಡಿ, ಆದರೆ ಅದರ ತಲೆಯನ್ನು ಹಿಂದಿಕ್ಕಬೇಡಿ. 3 ಮೀಟರ್ ಆಳದಲ್ಲಿ ತೆರೆಯ ಓಟ ಗಂಟೆಗೆ ಸುಮಾರು 20 ಕಿ.ಮೀ., ನಿಮ್ಮದು ಅದರ ಅರ್ಧ. ಹಿಂದಿನ ತೆರೆ ನಿಮ್ಮನ್ನು ಮುಟ್ಟಿಯೇ ಮುಟ್ಟುತ್ತದೆ. ಆಗ ಹಿಂಬದಿ ತೆರೆಗೆ ನೇರವಾಗಿರುವಂತೆ ಹಿಡಿದುಕೊಳ್ಳುವುದೇ ಚುಕ್ಕಾಣಿ ಹಿಡಿದವನ ಕೆಲಸ. ನಡುವೆ ಮನಸ್ಸು ಬದಲಿಸಿ ಹೊರಕ್ಕೆ ತಿರುಗಿಸಲು ಹೋದರೆ ಆ ಕೆಲವು ಸೆಕೆಂಡು ದೋಣಿಯ ಬದಿ ತೆರೆಗೆ ತೆರೆದಿರುತ್ತದೆ. ಮಗುಚುವುದು ಆಗಲೇ.

ಬೆಂಗಳೂರಿನಿಂದ ಬಂದು ಕಯಾಕ್ ಮಾಡುವವರು ನಾವು. ಚಳಿಗಾಲದ ಬೆಳಿಗ್ಗೆ ಕಡಲು ಕೆರೆಯಂತಿರುತ್ತದೆ. ಹೊರಗೆ ಹೋಗಬಹುದೇ? (ಬೆಂಗಳೂರಿನ ಓದುಗರು)

ಆ ಹೊತ್ತಿನಲ್ಲಿ ಬೀಸುವುದು ಮೂಡಣ ಗಾಳಿ, ನೆಲದಿಂದ ಕಡಲಿಗೆ. ದಡದ ಮರಗಳ ಮರೆಯಿಂದಾಗಿ ಹತ್ತಿರದ ನೀರು ಕದಡುವುದಿಲ್ಲ. ಅರ್ಧ ಕಿ.ಮೀ. ಹೋದಂತೆ ಗಾಳಿ ತಾಗತೊಡಗುತ್ತದೆ, ಅದು ತಳ್ಳುವುದು ಹೊರಕ್ಕೆ. ಹೋಗುವಾಗ ಹಗುರ, ಬರುವಾಗ ಕೈ ಸೋಲುತ್ತದೆ. ಹೊರಟ ಐದು ನಿಮಿಷಕ್ಕೆ ಒಮ್ಮೆ ದಡಕ್ಕೆ ತಿರುಗಿ ಹುಟ್ಟು ಹಾಕಿ ನೋಡಿ. ಕಷ್ಟ ಅನಿಸಿದರೆ ಅಷ್ಟಕ್ಕೇ ಸಾಕು. ಹೊಸಬರಿಗೆ ಅಳಿವೆಯ ಒಳಗಿನ ಹಿನ್ನೀರೇ ಸರಿ, ಅಲ್ಲೂ ಇಳಿತದಲ್ಲಿ ಬಾಗಿಲ ಕಡೆ ಹೋಗಬಾರದು.

ಬಂದರಿನಲ್ಲಿ 1ನೇ ಸಂಖ್ಯೆಯ ಸಿಗ್ನಲ್ ಹಾಕಿದ್ದಾರೆ, ಗಾಳಿಯಿಲ್ಲ. 3 ಹಾಕಿದರೆ ಮಾತ್ರ ನಿಲ್ಲಿಸಬೇಕೇ? (ಕಾರವಾರದ ಓದುಗರು)

3 ಎಂದರೆ ಬಿರುಗಾಳಿ ನಿಮ್ಮ ಬಂದರಿಗೇ ಬರಬಹುದು ಎಂದು. 1 ಎಂದರೆ ದೂರದ ಕಡಲಿನಲ್ಲಿ ವಾಯುಭಾರ ಕುಸಿದಿದೆ. ಗಾಳಿ ನಿಮ್ಮಲ್ಲಿಗೆ ಬಾರದೆಯೇ ಹೋಗಬಹುದು, ಆದರೆ ಅದು ಎಬ್ಬಿಸಿದ ಸ್ವೆಲ್ ಗಾಳಿಗಿಂತ ಮೊದಲೇ ದಡ ತಲುಪುತ್ತದೆ. ಚಿಕ್ಕ ದೋಣಿಗೆ 1 ಸಾಕು.

ಮೇ ತಿಂಗಳ ಸಂಜೆ ಗುಡುಗು ಮೋಡ ಕಂಡರೆ ಎಷ್ಟು ಹೊತ್ತು ಸಿಗುತ್ತದೆ? ಸಿಕ್ಕಿಬಿದ್ದರೆ ಯಾರಿಗೆ ಫೋನ್ ಮಾಡಬೇಕು? (ಬೈಂದೂರಿನ ಓದುಗರು)

ಘಟ್ಟದ ಮೇಲೆ ಕಪ್ಪಾಗಿ ಏರಿ ತಲೆ ಚಪ್ಪಟೆಯಾದ ಮೋಡ ಪಡುವಣಕ್ಕೆ ಬಾಗಿತೆಂದರೆ ಬಲೆ ಬಿಡಬೇಡಿ. ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು 3ರಿಂದ ಭಾಗಿಸಿದರೆ ಕಿ.ಮೀ. ಸಿಗುತ್ತದೆ. ಆದರೆ ಮಳೆಗಿಂತ ಬಹಳ ಮುಂದೆ ತಣ್ಣನೆ ಗಾಳಿಯ ಹೊಡೆತ ಬರುತ್ತದೆ, ಸೆಕೆ ಹೋಗಿ ಒಮ್ಮೆಲೇ ಮೈ ತಂಪಾದರೆ ಉಳಿದಿರುವುದು ನಿಮಿಷಗಳು. ಮೂತಿಯನ್ನು ಗಾಳಿಗೆ ಕೊಟ್ಟು, ಇಂಜಿನ್ ನಿಂತರೆ ಬಲೆಯ ಕಟ್ಟನ್ನೋ ಬುಟ್ಟಿಯನ್ನೋ ಉದ್ದ ಹಗ್ಗದಲ್ಲಿ ಮೂತಿಗೆ ಬಿಗಿದು ನೀರಿಗೆ ಬಿಡಿ. ಅದರ ಎಳೆತಕ್ಕೆ ದೋಣಿ ಅಡ್ಡ ತಿರುಗದು. ಎಲ್ಲರೂ ತಳದಲ್ಲಿ ಕೂರಲಿ.

ಕೋಸ್ಟ್ ಗಾರ್ಡ್‌ಗೆ 1554, ಕರಾವಳಿ ಕಾವಲು ಪೊಲೀಸರಿಗೆ 1093. ದೋಣಿಯಲ್ಲಿ ವಿಎಚ್‌ಎಫ್ ರೇಡಿಯೋ ಇದ್ದರೆ 16ನೇ ಚಾನೆಲ್. ದಡದಿಂದ ಹತ್ತು ಹದಿನೈದು ಕಿ.ಮೀ. ಆಚೆ ಮೊಬೈಲ್ ಸಿಗ್ನಲ್ ನೆಚ್ಚುವಂತಿಲ್ಲ, ಆದ್ದರಿಂದ ಕೆಟ್ಟ ಮೇಲೆ ಕಾಯದೆ ಬೇಗ ಕರೆ ಮಾಡಿ. ಮೊದಲು ಜಿಪಿಎಸ್ ಅಂಕಿ, ಆಮೇಲೆ ಎಷ್ಟು ಜನ, ದೋಣಿಯ ಬಣ್ಣ ಮತ್ತು ಸಂಖ್ಯೆ, ಏನಾಗಿದೆ ಎಂಬುದು. ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಬ್ಬರ ಕೊರಳಿಗೆ ಹಾಕಿಡಿ.