ಜಗತ್ತಿನ ಸುದ್ದಿಗೆ ಪಟ್ಟಿ ಮಾಡುವಾಗ

ಪ್ರಶ್ನೆ: ನಮ್ಮೂರಿನ ವಾಚನಾಲಯಕ್ಕೆ ದಾನಿಗಳೊಬ್ಬರು ಕಂಪ್ಯೂಟರ್ ಕೊಡಿಸಿದ್ದಾರೆ. ಪಿಯುಸಿ, ಡಿಗ್ರಿ ಓದುವ ಮಕ್ಕಳೇ ಜಾಸ್ತಿ ಬರುತ್ತಾರೆ. ಅವರಿಗೆಂದು ಜಗತ್ತಿನ ಸುದ್ದಿ ಪತ್ರಿಕೆ, ಸುದ್ದಿ ತಾಣಗಳ ಪಟ್ಟಿ ಮಾಡಲು ಕೂತೆವು. ಬರೆದು ನೋಡಿದರೆ ಮುಕ್ಕಾಲು ಪಾಲು ಲಂಡನ್, ನ್ಯೂಯಾರ್ಕಿನವೇ. ಆಫ್ರಿಕಾಕ್ಕೆ, ದಕ್ಷಿಣ ಅಮೆರಿಕಕ್ಕೆ ಒಂದು ಹೆಸರೂ ಹೊಳೆಯುತ್ತಿಲ್ಲ. ಒಂದೇ ಕಡೆ ವಾಲದ ಹಾಗೆ ಪಟ್ಟಿ ಜೋಡಿಸುವುದು ಹೇಗೆ?
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಹೆಸರು ಬರೆಯುವುದನ್ನು ಸದ್ಯಕ್ಕೆ ನಿಲ್ಲಿಸಿ. ಒಂದು ಉದ್ದ ನೋಟ್‌ಬುಕ್ ತಗೊಂಡು ಮೊದಲು ಪುಟ ಹಂಚಿ. ದಕ್ಷಿಣ ಏಷ್ಯಾ, ಆಗ್ನೇಯ ಏಷ್ಯಾ, ಪೂರ್ವ ಏಷ್ಯಾ, ಮಧ್ಯ ಏಷ್ಯಾ, ಪಶ್ಚಿಮ ಏಷ್ಯಾ ಅಂತ ಬೇರೆ ಬೇರೆ ಪುಟ. ಆಫ್ರಿಕಾಕ್ಕೆ ಉತ್ತರ, ಪಶ್ಚಿಮ, ಮಧ್ಯ, ಪೂರ್ವ, ದಕ್ಷಿಣ. ಹಾಗೇ ಯುರೋಪಿಗೆ, ಎರಡೂ ಅಮೆರಿಕಗಳಿಗೆ, ಕೆರಿಬಿಯನ್ ಮತ್ತು ಪೆಸಿಫಿಕ್ ದ್ವೀಪಗಳಿಗೆ. ವಿಶ್ವಸಂಸ್ಥೆ ತನ್ನ ಅಂಕಿಅಂಶಕ್ಕೆಂದು ಜಗತ್ತನ್ನು ಹೀಗೆ ಪ್ರದೇಶಗಳಾಗಿ ಮಾಡಿಕೊಂಡಿದೆ. ಅದನ್ನೇ ಇಟ್ಟುಕೊಂಡರೆ ಯಾವ ದೇಶ ಎಲ್ಲಿಗೆ ಸೇರಬೇಕು ಅಂತ ನೀವು ತಲೆ ಕೆಡಿಸಿಕೊಳ್ಳಬೇಕಿಲ್ಲ. ಎಲ್ಲಕ್ಕೂ ಒಂದೇ ಅಳತೆಯ ಜಾಗ ಕೊಡಿ.

ನೆನಪಿಗೆ ಬಂದ ಹಾಗೆ ಬರೆಯುತ್ತಾ ಹೋದರೆ ಗೊತ್ತಿರುವ ಹೆಸರುಗಳೇ ಮತ್ತೆ ಮತ್ತೆ ಬರುತ್ತವೆ. ಪುಟ ಮೊದಲೇ ಹಂಚಿದ್ದರೆ ಎಲ್ಲಿ ಖಾಲಿ ಇದೆ ಅಂತ ಕಣ್ಣಿಗೆ ಕಾಣುತ್ತದೆ, ಹುಡುಕಲೇಬೇಕಾಗುತ್ತದೆ. ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳೇ 54 ಇವೆ. ಅಷ್ಟಕ್ಕೂ ಸೇರಿ ಒಂದು ಪುಟ, ಬ್ರಿಟನ್ನಿಗೆ ಒಂದು ಪುಟ ಇಟ್ಟರೆ ಹೆಸರು ಬರೆಯುವ ಮೊದಲೇ ಪಟ್ಟಿ ವಾಲಿಯಾಯಿತು.

ಲಂಡನ್ ಹೆಸರೇ ಮೊದಲು ನೆನಪಾಗುವುದಕ್ಕೆ ಹಳೆಯ ಕಾರಣವಿದೆ. ಪತ್ರಿಕೆಗಳಿಗೆ ಸುದ್ದಿ ಒದಗಿಸುವ ಸಂಸ್ಥೆಗಳಾದ ಪ್ಯಾರಿಸ್ಸಿನ ಹವಾಸ್ 1835ರಲ್ಲಿ, ಲಂಡನ್ನಿನ ರಾಯಿಟರ್ಸ್ 1851ರಲ್ಲಿ ಶುರುವಾದವು. 1870ರಲ್ಲಿ ಇವೆರಡೂ ಬರ್ಲಿನ್ನಿನ ವೂಲ್ಫ್ ಸಂಸ್ಥೆಯೂ ಸೇರಿ ಯಾವ ಭಾಗದ ಸುದ್ದಿ ಯಾರಿಗೆ ಅಂತ ಜಗತ್ತನ್ನೇ ಹಂಚಿಕೊಂಡವು. ಭಾರತ ರಾಯಿಟರ್ಸ್ ಪಾಲಿಗೆ ಬಂತು. ನಮ್ಮದೇ ಸುದ್ದಿ ಸಂಸ್ಥೆ ಪಿಟಿಐ ಕೆಲಸ ಶುರು ಮಾಡಿದ್ದು ಸ್ವಾತಂತ್ರ್ಯ ಬಂದ ಮೇಲೆ, 1949ರಲ್ಲಿ. ಎಪ್ಪತ್ತರ ದಶಕದಲ್ಲಿ ಅಲಿಪ್ತ ದೇಶಗಳು ತಮ್ಮ ತಮ್ಮ ಸುದ್ದಿ ಸಂಸ್ಥೆಗಳನ್ನು ಒಟ್ಟುಗೂಡಿಸಿದವು. ಅದರಲ್ಲಿ ಭಾರತವೂ ಮುಂದೆ ನಿಂತಿತ್ತು. 1980ರಲ್ಲಿ ಯುನೆಸ್ಕೊದ ಮ್ಯಾಕ್‌ಬ್ರೈಡ್ ಆಯೋಗ ಸುದ್ದಿಯ ಹರಿವು ಒಂದೇ ದಿಕ್ಕಿನದು ಅಂತ ವರದಿಯನ್ನೇ ಕೊಟ್ಟಿತು. ನಿಮ್ಮನ್ನು ಕಾಡುತ್ತಿರುವ ಪ್ರಶ್ನೆ ಎಷ್ಟೋ ದೇಶಗಳನ್ನು ಕಾಡಿದ್ದು.

ಇನ್ನು ಪ್ರತಿ ಪುಟದಲ್ಲೂ ಗೆರೆ ಹೊಡೆಯಿರಿ. ನಾನು ಶಿವಮೊಗ್ಗದಲ್ಲಿ ಒಂದು ಓದುವ ಕೊಠಡಿ ನೋಡಿಕೊಳ್ಳುತ್ತೇನೆ. ಅಲ್ಲಿನ ಪುಸ್ತಕದಲ್ಲಿ ಪತ್ರಿಕೆ ಹೆಸರಿನ ಮುಂದೆ ನಾಲ್ಕು ಕಾಲಂ ಹಾಕಿದ್ದೇನೆ. ಯಾವ ಜಾಗದ ಬಗ್ಗೆ ಬರೆಯುತ್ತಾರೆ, ಎಲ್ಲಿ ಕೂತು ಬರೆಯುತ್ತಾರೆ, ಯಾರಿಗಾಗಿ ಬರೆಯುತ್ತಾರೆ, ದುಡ್ಡು ಯಾರದು. ಮೊದಲ ಎರಡು ಕಾಲಂ ಒಂದೇ ಅಂತ ಅನ್ನಿಸಬಹುದು. ಹಾಗೇನಿಲ್ಲ. ಇರಾವಡಿ ಪತ್ರಿಕೆಯನ್ನು ನೋಡಿ. ಬರೆಯುವುದು ಮ್ಯಾನ್ಮಾರ್ ಬಗ್ಗೆ. 1993ರಲ್ಲಿ ಶುರು ಮಾಡಿದವರು ದೇಶ ಬಿಟ್ಟು ಥಾಯ್ಲೆಂಡಿನಲ್ಲಿದ್ದ ಬರ್ಮಾದವರು. ಮೆಡುಜಾ ರಷ್ಯಾದ ಸುದ್ದಿ ಬರೆಯುತ್ತದೆ, 2014ರಿಂದ ಲಾಟ್ವಿಯಾದ ರಿಗಾದಲ್ಲಿ ಕೂತು. ದೂರ ಕೂತಿದ್ದರೂ ಊರನ್ನು ಬಲ್ಲವರು ಇವರು. ಅದೇ ಒಬ್ಬ ವಿದೇಶಿ ವರದಿಗಾರ ನೈರೋಬಿಯಲ್ಲಿ ಮನೆ ಮಾಡಿ ಇಡೀ ಪೂರ್ವ ಆಫ್ರಿಕಾದ ಸುದ್ದಿ ಕಳಿಸುತ್ತಿರಬಹುದು. ಹತ್ತಿರ ಇದ್ದಾನೆ, ಬರೆಯುವುದು ಮಾತ್ರ ದೂರದ ಓದುಗರಿಗೆ. ಎರಡೂ ಬೇಕು. ಯಾವುದು ಯಾವುದು ಅಂತ ಮಕ್ಕಳಿಗೆ ಗೊತ್ತಿರಬೇಕು, ಅಷ್ಟೆ.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಸೊರಬ ತಾಲ್ಲೂಕಿನ ಕ್ಯಾಸನೂರಿನ ಹೆಸರು ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲೆಲ್ಲ ಇದೆ. 1957ರಲ್ಲಿ ಅಲ್ಲಿಯ ಕಾಡಿನಲ್ಲಿ ಮಂಗಗಳು ಸತ್ತು, ಮಂಗನ ಕಾಯಿಲೆ ಗುರುತಾಯಿತು. ವೈದ್ಯರು ಆ ಕಾಯಿಲೆಯನ್ನು ಕರೆಯುವುದು ಕ್ಯಾಸನೂರಿನ ಹೆಸರಿನಿಂದಲೇ. ಆ ಊರಿನ ಜನ ಏನು ಬೆಳೆಯುತ್ತಾರೆ, ಅವರ ಕಷ್ಟ ಏನು ಅಂತ ಹೊರಗಿನವರಿಗೆ ಯಾರು ಹೇಳಿದರು? ಮಳೆಗಾಲಕ್ಕೆ ಜೋಗದ ಫೋಟೊ, ಆಗುಂಬೆಯ ಮಂಜು. ಬೇಸಿಗೆಗೆ ಮಂಗನ ಕಾಯಿಲೆ. ನಡುವೆ ಏನೂ ಇಲ್ಲ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಮನೆ, ಗದ್ದೆ ಮುಳುಗಿ ಎದ್ದು ಬಂದವರ ಭೂಮಿ ಹಕ್ಕಿನ ಗೋಳು ಇವತ್ತಿಗೂ ಮುಗಿದಿಲ್ಲ. ಅದನ್ನು ಬಿಡದೆ ಬರೆಯುವವರು ಸಾಗರ, ಹೊಸನಗರದ ವರದಿಗಾರರು. ಅದು ಬರುವುದು ಜಿಲ್ಲಾ ಪುಟದಲ್ಲಿ. ಬೊಲಿವಿಯಾದ ಹಳ್ಳಿಗೂ ಒಂದು ಜಿಲ್ಲಾ ಪುಟ ಇರುತ್ತದೆ ಅಲ್ವಾ? ನಿಮ್ಮ ಪಟ್ಟಿ ಅದನ್ನು ಹುಡುಕಬೇಕು. ಪ್ರತಿ ದೇಶಕ್ಕೂ ಆಗದ ಮಾತು, ಒಪ್ಪಿದೆ. ದೊಡ್ಡ ದೇಶಗಳಿಗಾದರೂ ರಾಜಧಾನಿಯದ್ದೊಂದು, ಹೊರಗಿನ ಊರಿನದ್ದೊಂದು ಇರಲಿ.

ಶುರು ಮಾಡಲು ಕೆಲವು ಹೆಸರು ಕೊಡುತ್ತೇನೆ. ಕೀನ್ಯಾದ ಡೈಲಿ ನೇಷನ್, ನೈಜೀರಿಯಾದ ಪ್ರೀಮಿಯಂ ಟೈಮ್ಸ್, ದಕ್ಷಿಣ ಆಫ್ರಿಕಾದ ಡೈಲಿ ಮಾವೆರಿಕ್. ಈಜಿಪ್ಟಿನ ಅಲ್ ಅಹ್ರಾಮ್, 1875ರಿಂದ ಇರುವ ಪತ್ರಿಕೆ, ಈಗ ಸರ್ಕಾರದ್ದು. ಬ್ರೆಜಿಲ್ಲಿನ ಫೋಲ್ಯಾ, ಅರ್ಜೆಂಟೀನಾದ ಲಾ ನಾಸಿಯೋನ್. ನೆರೆಯವರನ್ನು ಮರೆಯಬೇಡಿ. ಕರಾಚಿಯ ಡಾನ್, ಢಾಕಾದ ಡೈಲಿ ಸ್ಟಾರ್, ಕಾಠ್ಮಂಡು ಪೋಸ್ಟ್ ಮೂರೂ ಇಂಗ್ಲಿಷಿನಲ್ಲಿವೆ, ಮೂರೂ ಓದಬೇಕಾದವು. ಲಂಡನ್ ಪತ್ರಿಕೆ ಓದುವ ನಮ್ಮ ಮಕ್ಕಳು ಢಾಕಾದ ಪತ್ರಿಕೆಯ ಹೆಸರೂ ಕೇಳಿರುವುದಿಲ್ಲ. ನನಗೆ ಎಲ್ಲಕ್ಕಿಂತ ಬೇಜಾರಾಗುವ ಸಂಗತಿ ಅದು.

ಇನ್ನೊಂದು ಮುಖ್ಯ ವಿಷಯ. ಪಟ್ಟಿಯಲ್ಲಿ ಹತ್ತು ದೇಶದ ಹತ್ತು ಪತ್ರಿಕೆ ಇದ್ದ ಮಾತ್ರಕ್ಕೆ ಹತ್ತು ದನಿ ಇದೆ ಅಂತ ಅಂದುಕೊಳ್ಳಬೇಡಿ. ಸುದ್ದಿಯ ಮೊದಲ ಸಾಲು ನೋಡಿ. ಊರಿನ ಹೆಸರಿನ ಪಕ್ಕದಲ್ಲೋ ಕೊನೆಯಲ್ಲೋ ಸಣ್ಣ ಅಕ್ಷರದಲ್ಲಿ ರಾಯಿಟರ್ಸ್, ಎಎಫ್‌ಪಿ, ಎಪಿ ಅಂತ ಸುದ್ದಿ ಸಂಸ್ಥೆಯ ಹೆಸರು ಇರುತ್ತದೆ. ಮನಿಲಾದ ಪತ್ರಿಕೆಯಲ್ಲೂ ಬೆಂಗಳೂರಿನ ಪತ್ರಿಕೆಯಲ್ಲೂ ಸುಡಾನಿನ ಯುದ್ಧದ ಅದೇ ವರದಿ, ತಲೆಬರಹ ಮಾತ್ರ ಬೇರೆ ಇರಬಹುದು. ಮಕ್ಕಳನ್ನು ಕೂರಿಸಿಕೊಂಡು ಎರಡು ಪತ್ರಿಕೆಯ ವಿದೇಶ ಪುಟ ಅಕ್ಕಪಕ್ಕ ಇಟ್ಟು, ಆ ಸಣ್ಣ ಅಕ್ಷರಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿಸಿ. ಅದೇ ವರದಿ ಎಷ್ಟು ಪತ್ರಿಕೆಯಲ್ಲಿ ಬಂದರೂ ಲೆಕ್ಕಕ್ಕೆ ಒಂದೇ.

ಪ್ರಶ್ನೆ: ಇಂಗ್ಲಿಷ್ ಪತ್ರಿಕೆ ಓದುವುದೇ ನಮ್ಮ ಹುಡುಗರಿಗೆ ಕಷ್ಟ. ಇನ್ನು ಸ್ಪ್ಯಾನಿಷ್, ಅರಬ್ಬಿ ಪತ್ರಿಕೆಗಳನ್ನೂ ಪಟ್ಟಿಗೆ ಹಾಕಬೇಕೆ?
– ಶಿಕ್ಷಕಿ, ಸಾಗರ

ಉತ್ತರ: ಹಾಕಿ ಮೇಡಂ. ಎಷ್ಟೋ ದೇಶಗಳಲ್ಲಿ ಇಂಗ್ಲಿಷ್ ಪತ್ರಿಕೆ ಇರುವುದು ವಿದೇಶಿಯರಿಗೆ, ರಾಯಭಾರಿಗಳಿಗೆ, ವ್ಯಾಪಾರಸ್ಥರಿಗೆ. ಊರಿನವರು ಓದುವುದು ಬೇರೆ. ಕರ್ನಾಟಕದ ಸುದ್ದಿಯನ್ನು ಬರೀ ಇಂಗ್ಲಿಷ್ ಪತ್ರಿಕೆಯಲ್ಲಿ ಓದಿದವರಿಗೆ ಅಡಿಕೆಯ ಎಲೆಚುಕ್ಕೆ ರೋಗದ ಬಗ್ಗೆ ಎಷ್ಟು ಗೊತ್ತಾಗುತ್ತದೆ ಅಂತ ಯೋಚಿಸಿ. ಮೂಲ ಭಾಷೆಯ ಹೆಸರನ್ನು ಪಟ್ಟಿಯಲ್ಲಿ ಬರೆದು, ಪಕ್ಕದಲ್ಲಿ ಭಾಷೆ ಯಾವುದು ಅಂತ ಬರೆಯಿರಿ. ಗೂಗಲ್ ಅನುವಾದದಲ್ಲಿ ಈಗ ಕನ್ನಡವೂ ಇದೆ. ಸ್ಪ್ಯಾನಿಷ್‌ನಿಂದ ನೇರ ಕನ್ನಡಕ್ಕೆ ತಂದರೆ ಕೆಲವು ಸಲ ವಾಕ್ಯ ಅಡ್ಡಾದಿಡ್ಡಿ ಆಗುತ್ತದೆ, ಆಗ ಇಂಗ್ಲಿಷಿಗೂ ತಂದು ಹೋಲಿಸಿ. ಯಂತ್ರ ಎಡವುವುದು ಹೆಚ್ಚಾಗಿ ಜನರ ಹೆಸರು, "ಇಲ್ಲ" ಎನ್ನುವ ಮಾತು, ಯಾರು ಯಾರಿಗೆ ಮಾಡಿದರು ಎನ್ನುವ ಕಡೆ. ಆ ಮೂರನ್ನು ಎರಡು ಸಲ ನೋಡಲು ಮಕ್ಕಳಿಗೆ ಕಲಿಸಿ.

ಓದಿದ್ದನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆದು ನೋಟಿಸ್ ಬೋರ್ಡಿಗೆ ಹಾಕಿಸಿ. ಕೆಳಗೆ ಪತ್ರಿಕೆಯ ಹೆಸರು, ಊರು, ತಾರೀಖು. ನಮ್ಮಲ್ಲಿ ಹೀಗೆ ಮಾಡುತ್ತೇವೆ. ಪೇಪರ್ ಓದಲು ಬರುವ ಹಿರಿಯರು ಮೊದಲು ನಿಲ್ಲುವುದೇ ಆ ಬೋರ್ಡಿನ ಮುಂದೆ. ಲಿಮಾದಲ್ಲಿ ಹೀಗಂತೆ, ಅಮ್ಮಾನ್‌ನಲ್ಲಿ ಹಾಗಂತೆ ಅಂತ ಮಾತು ಶುರುವಾಗುತ್ತದೆ.

ಪ್ರಶ್ನೆ: ಎಲ್ಲ ದೇಶದ್ದೂ ಸೇರಿಸಿ ಅಂತೀರಿ. ಎಷ್ಟೋ ಕಡೆ ಪತ್ರಿಕೆ ಅಂದರೆ ಸರ್ಕಾರದ ತುತ್ತೂರಿ. ಅದನ್ನೂ ಮಕ್ಕಳ ಕೈಗೆ ಕೊಡುವುದೇ?
– ಕಾಫಿ ಬೆಳೆಗಾರರು, ಕೊಪ್ಪ

ಉತ್ತರ: ಕೊಡಿ, ಚೀಟಿ ಅಂಟಿಸಿ ಕೊಡಿ. ದುಡ್ಡು ಯಾರದು ಎನ್ನುವ ಕಾಲಂ ಇರುವುದೇ ಅದಕ್ಕೆ. ಚೀನಾದ ಷಿನ್‌ಹುವಾ, ರಷ್ಯಾದ ತಾಸ್ ಸುದ್ದಿ ಸಂಸ್ಥೆಗಳು ಸರ್ಕಾರದವು. ಅಲ್ ಜಜೀರಾಗೆ ಕತಾರ್ ಸರ್ಕಾರದ ಹಣ. ಜರ್ಮನಿಯ ಡಾಯ್ಚ ವೆಲ್ಲೆ ಅಲ್ಲಿನ ತೆರಿಗೆ ಹಣದಲ್ಲಿ ನಡೆಯುತ್ತದೆ, ಬಿಬಿಸಿಗೆ ಬ್ರಿಟನ್ನಿನ ಮನೆಮನೆಯ ಲೈಸೆನ್ಸ್ ಶುಲ್ಕ. ಇವೆಲ್ಲ ಒಂದೇ ಅಂತ ನಾನು ಹೇಳುವುದಿಲ್ಲ, ಸಂಪಾದಕನಿಗೆ ಇರುವ ಸ್ವಾತಂತ್ರ್ಯದಲ್ಲಿ ತುಂಬಾ ವ್ಯತ್ಯಾಸ ಇದೆ. ಗಡಿಯಿಲ್ಲದ ವರದಿಗಾರರು ಎನ್ನುವ ಸಂಸ್ಥೆ ಪ್ರತಿ ವರ್ಷ 180 ದೇಶಗಳ ಪತ್ರಿಕಾ ಸ್ವಾತಂತ್ರ್ಯದ ಪಟ್ಟಿ ಹೊರಡಿಸುತ್ತದೆ. ಆ ಸ್ಥಾನವನ್ನೂ ದೇಶದ ಪಕ್ಕ ಬರೆದುಕೊಳ್ಳಿ.

ಆದರೆ ತುತ್ತೂರಿ ಅಂತ ಪೂರ್ತಿ ಬಿಟ್ಟರೆ ನಿಮಗೇ ನಷ್ಟ. 2024ರಲ್ಲಿ ರೊಬಸ್ಟಾ ದರ ಹೇಗೆ ಏರಿತು ಅಂತ ನಿಮಗೆ ನಾನು ಹೇಳಬೇಕಿಲ್ಲ. ದರ ಕಾಣುವುದು ಲಂಡನ್ ಮಾರುಕಟ್ಟೆಯಲ್ಲಿ. ಕಾರಣ ಇದ್ದದ್ದು ವಿಯೆಟ್ನಾಂನ ಡಾಕ್ ಲಾಕ್ ಸುತ್ತಿನ ಬೆಟ್ಟಗಳಲ್ಲಿ. ಜಗತ್ತಿನಲ್ಲಿ ಅತಿ ಹೆಚ್ಚು ರೊಬಸ್ಟಾ ಬೆಳೆಯುವ ದೇಶ ಅದು. ಅಲ್ಲಿ ಬರ ಬಂತು, ಅದಕ್ಕೂ ಮೊದಲೇ ಎಷ್ಟೋ ರೈತರು ಕಾಫಿ ಬಿಟ್ಟು ಡುರಿಯನ್ ಹಣ್ಣಿಗೆ ಹೋಗಿದ್ದರು. ವಿಯೆಟ್ನಾಂನಲ್ಲಿ ಖಾಸಗಿ ಪತ್ರಿಕೆಗೆ ಅವಕಾಶವೇ ಇಲ್ಲ, ಎಲ್ಲವೂ ಸರ್ಕಾರದ, ಪಕ್ಷದ ಹಿಡಿತದಲ್ಲಿ. ಆದರೂ ವಿಎನ್‌ಎಕ್ಸ್‌ಪ್ರೆಸ್, ತುವೊಯ್ ತ್ರೆ ತೆಗೆದು ನೋಡಿ, ಎರಡಕ್ಕೂ ಇಂಗ್ಲಿಷ್ ಆವೃತ್ತಿ ಇದೆ. ಕೆರೆ ಒಣಗಿದ್ದು, ಗಿಡಕ್ಕೆ ನೀರಿಲ್ಲದ್ದು, ರೈತ ಡುರಿಯನ್ ಯಾಕೆ ನೆಟ್ಟ ಎನ್ನುವುದು ಅಂಥ ಪತ್ರಿಕೆಗಳಲ್ಲಿ ಸಿಗುತ್ತದೆ. ಪಕ್ಷದ ಒಳಜಗಳದ ಬಗ್ಗೆ ಅವುಗಳನ್ನು ನಂಬಬೇಡಿ. ಮಳೆ, ಬೆಳೆ, ಧಾರಣೆ ಬಗ್ಗೆ ಧಾರಾಳವಾಗಿ ಓದಿ. ಕಾಳುಮೆಣಸಿನಲ್ಲೂ ಆ ದೇಶವೇ ಮುಂದೆ. ನಿಮ್ಮ ತೋಟದ ಎರಡು ಬೆಳೆಯ ಸುದ್ದಿ ಅಲ್ಲಿಂದಲೇ ಬರಬೇಕು.

ಪ್ರಶ್ನೆ: ಪಟ್ಟಿಯನ್ನು ಎಷ್ಟು ದಿನಕ್ಕೊಮ್ಮೆ ತಿದ್ದಬೇಕು?
– ಪದವಿ ವಿದ್ಯಾರ್ಥಿ, ರಿಪ್ಪನ್‌ಪೇಟೆ

ಉತ್ತರ: ವರ್ಷಕ್ಕೆ ಎರಡು ಸಲ ಸಾಕು. ನಿಂತುಹೋದ ಪತ್ರಿಕೆಯ ಹೆಸರನ್ನು ಅಳಿಸಬೇಡಿ, ಒಂದು ಗೆರೆ ಎಳೆದು ಯಾವಾಗ, ಯಾಕೆ ನಿಂತಿತು ಅಂತ ಬರೆಯಿರಿ. ಹಾಂಗ್‌ಕಾಂಗಿನ ಆ್ಯಪಲ್ ಡೈಲಿ 2021ರ ಜೂನ್‌ನಲ್ಲಿ ಮುಚ್ಚಿತು. ಪೊಲೀಸರು ಕಚೇರಿ ಶೋಧಿಸಿ, ಸಂಪಾದಕರನ್ನು ಹಿಡಿದು, ಸಂಸ್ಥೆಯ ಹಣ ತಡೆಹಿಡಿದಿದ್ದರು. ರಷ್ಯಾದ ನೋವಯಾ ಗಜೆಟಾ 2022ರ ಮಾರ್ಚ್‌ನಲ್ಲಿ ಮುದ್ರಣ ನಿಲ್ಲಿಸಿತು, ಅಲ್ಲಿಂದ ಹೊರಬಂದವರು ಯುರೋಪಿನಿಂದ ಬೇರೆ ಪತ್ರಿಕೆ ಶುರು ಮಾಡಿದರು. ಅಂಥ ಕಡೆ ಹಳೆಯ ಹೆಸರಿನ ಕೆಳಗೇ ಹೊಸದನ್ನು ಬರೆಯಿರಿ, "ಎಲ್ಲಿ ಕೂತು ಬರೆಯುತ್ತಾರೆ" ಎನ್ನುವ ಕಾಲಂ ತಿದ್ದಿ. ಖಾಲಿ ಉಳಿದ ಪುಟ ಯಾವುದು ಅಂತ ನನಗೆ ಬರೆದು ಕಳಿಸಿ. ಪೆಸಿಫಿಕ್ ಪುಟವಾದರೆ ಸಮೋವಾ ಅಬ್ಸರ್ವರ್ ಹೆಸರನ್ನು ಈಗಲೇ ಸೇರಿಸಿಕೊಳ್ಳಿ, ಮಧ್ಯ ಏಷ್ಯಾ ಆದರೆ ಮುಂದಿನ ಸಂಚಿಕೆಯಲ್ಲಿ ಹೇಳುತ್ತೇನೆ.