ಮಾವ ಮಾಡಿಸಿದ ಪಾಲಿಸಿಯನ್ನು ಏನು ಮಾಡುವುದು?

ಈ ಸಲದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಗೋಳು: ನೆಂಟರೊಬ್ಬರು ಮಾಡಿಸಿದ ಪಾಲಿಸಿ. ಹಾಗಾಗಿ ಜಾಗದ ಬಹುಪಾಲು ಅದಕ್ಕೇ. ‘ಈಗ ಯಾವ ಫಂಡ್ ಒಳ್ಳೆಯದು ಸರ್?’ ಎಂದು ಒಂದೇ ಸಾಲು ಬರೆದು ಕಳಿಸಿದವರು ಕ್ಷಮಿಸಬೇಕು. ಜ್ವರವೋ ಹೊಟ್ಟೆನೋವೋ ಹೇಳದೆ ಮಾತ್ರೆ ಕೇಳಿದರೆ ಕೊಡುವುದು ಹೇಗೆ?

*ನನಗೆ 31 ವರ್ಷ, ದಾವಣಗೆರೆಯಲ್ಲಿ ಖಾಸಗಿ ಶಾಲೆಯ ಶಿಕ್ಷಕಿ. ಪತಿಯದು ಚಿಕ್ಕ ವ್ಯಾಪಾರ, ಒಂದು ಮಗು. ಮೂರು ವರ್ಷದ ಹಿಂದೆ ಸೋದರಮಾವ ಎಂಡೋಮೆಂಟ್ ಪಾಲಿಸಿ (ವಿಮೆಯೂ ಉಳಿತಾಯವೂ ಸೇರಿದ್ದು) ಮಾಡಿಸಿದರು. ವರ್ಷಕ್ಕೆ 50,000, ಒಟ್ಟು 20 ಕಂತು. ವಿಮಾ ಮೊತ್ತ 10 ಲಕ್ಷ, ಕೊನೆಗೆ 17.5 ಲಕ್ಷ ಬರುತ್ತದಂತೆ. ಮೂರು ಕಂತು ಕಟ್ಟಿದ್ದೇನೆ. ಇದುವರೆಗಿನ ಬೋನಸ್ 1,12,500 ಎಂದಿದೆ. ಈಗ ಸರೆಂಡರ್ ಮಾಡಿದರೆ, ಅಂದರೆ ಪಾಲಿಸಿ ಮುರಿಸಿದರೆ, 55,000 ಕೊಡುತ್ತಾರಂತೆ. ಯೂಟ್ಯೂಬ್‌ನಲ್ಲಿ ಎಲ್ಲರೂ ಸರೆಂಡರ್ ಮಾಡಿ ಎಸ್‌ಐಪಿ (ತಿಂಗಳು ತಿಂಗಳು ಮ್ಯೂಚುವಲ್ ಫಂಡ್‌ಗೆ ಕಂತು) ಹಾಕಿ ಅನ್ನುತ್ತಾರೆ.*

ಮೇಡಂ, ಅಂಕಿಗಳನ್ನೆಲ್ಲ ಬರೆದು ಕೇಳಿದ್ದೀರಿ. ಹಾಗೆ ಕೇಳುವವರು ಅಪರೂಪ, ಅದಕ್ಕೇ ನಿಮ್ಮ ಪತ್ರ ಆರಿಸಿದೆ.

ಹತ್ತು ಲಕ್ಷ ಕಟ್ಟಿ ಹದಿನೇಳೂವರೆ ಲಕ್ಷ ಪಡೆಯುವುದು ಕೇಳಲಿಕ್ಕೆ ಚೆನ್ನಾಗಿದೆ. ಎಕ್ಸೆಲ್‌ನಲ್ಲಿ ಒಂದರ ಕೆಳಗೊಂದು 20 ಸಲ ಮೈನಸ್ 50,000 ಬರೆಯಿರಿ, 21ನೇ ಮನೆಯಲ್ಲಿ 17,50,000 ಹಾಕಿ, ವರ್ಷದ ಗಳಿಕೆಯ ದರ ತೋರಿಸುವ ಐಆರ್‌ಆರ್ ಸೂತ್ರ ಕೊಡಿ. ಬರುವುದು ಶೇ 5ರ ಆಸುಪಾಸು. ಅದೇ ಕಂತುಗಳು ಸರ್ಕಾರದ ಉಳಿತಾಯ ಯೋಜನೆಯಾದ ಪಿಪಿಎಫ್‌ನ ಈಗಿನ ಶೇ 7.1ರಲ್ಲಿ ಬೆಳೆದಿದ್ದರೆ 22 ಲಕ್ಷ ದಾಟುತ್ತಿತ್ತು. ‘ಪಾಲಿಸಿ ದುಡ್ಡಿಗೆ ತೆರಿಗೆ ಇಲ್ಲವಲ್ಲ’ ಎಂದು ಮಾವ ಹೇಳಿರುತ್ತಾರೆ. ಪಿಪಿಎಫ್‌ಗೂ ಇಲ್ಲ.

ಬಡ್ಡಿಗಿಂತ ನನಗೆ ಸಿಟ್ಟು ಬರಿಸುವುದು ಆ 10 ಲಕ್ಷದ ವಿಮೆ. ಮನೆಖರ್ಚು ತಿಂಗಳಿಗೆ 40,000 ಎಂದಿಟ್ಟುಕೊಂಡರೂ ಅದು 25 ತಿಂಗಳಿಗೆ ಮುಗಿಯಿತು. ಮಗು ಆಗಿನ್ನೂ ಒಂದನೇ ಕ್ಲಾಸಿನಲ್ಲಿರುತ್ತದೆ. ಇದನ್ನು ವಿಮೆ ಅನ್ನುತ್ತಾರೆಯೇ? ಮೊದಲ ಕೆಲಸ, ನೀವಿಬ್ಬರೂ ಒಂದೊಂದು ಟರ್ಮ್ ಪಾಲಿಸಿ (ಉಳಿತಾಯವಿಲ್ಲದ, ಬರೀ ಜೀವವಿಮೆ) ಮಾಡಿಸಿ. ನಿಮ್ಮ ವಯಸ್ಸಿನ ಆರೋಗ್ಯವಂತರಿಗೆ 1 ಕೋಟಿಯ ವಿಮೆಗೂ ಈ 50,000ದ ಒಂದು ಪಾಲು ಸಾಕು. ಅರ್ಜಿಯಲ್ಲಿ ಬಿಪಿ, ಶುಗರ್, ಬೀಡಿ ಸಿಗರೇಟು ಏನಿದ್ದರೂ ಬರೆಯಿರಿ, ಮುಚ್ಚಿಡಬೇಡಿ. ಆ ಪಾಲಿಸಿ ಕೈಗೆ ಬರುವವರೆಗೆ ಹಳೆಯದನ್ನು ಮುಟ್ಟಬೇಡಿ.

ಈಗ ಹಳೆಯದರ ಮಾತು. ಯೂಟ್ಯೂಬ್ ಪಂಡಿತರು ‘ಸರೆಂಡರ್’ ಅನ್ನುತ್ತಾರೆ, ಮಾವ ‘ಮುಂದುವರಿಸಮ್ಮ’ ಅನ್ನುತ್ತಾರೆ. ಮೂರನೇ ದಾರಿಯೊಂದಿದೆ, ಅದರ ಹೆಸರು ಪೇಡ್-ಅಪ್. ಅಂದರೆ ಕಂತು ನಿಲ್ಲಿಸುವುದು, ಆದರೆ ಪಾಲಿಸಿಯನ್ನು ಹಾಗೇ ಬಿಡುವುದು. ವಿಮಾ ಮೊತ್ತ ಕಟ್ಟಿದ ಕಂತಿನ ಪ್ರಮಾಣಕ್ಕೆ ಇಳಿಯುತ್ತದೆ: 10 ಲಕ್ಷದ ಇಪ್ಪತ್ತರಲ್ಲಿ ಮೂರು ಪಾಲು, ಅಂದರೆ 1.5 ಲಕ್ಷ. ಅದಕ್ಕೆ ಈಗಾಗಲೇ ಜಮೆಯಾದ ಬೋನಸ್ ಸೇರಿ, ಅವಧಿ ಮುಗಿದಾಗ 2,62,500 ಬರುತ್ತದೆ. ಹೊಸ ಬೋನಸ್ ಸೇರುವುದಿಲ್ಲ.

ಇವತ್ತು 55,000 ತೆಗೆದುಕೊಂಡು ಪಿಪಿಎಫ್‌ಗೆ ಹಾಕಿದರೆ 17 ವರ್ಷಕ್ಕೆ ಆಗುವುದು 1.76 ಲಕ್ಷ. ಸುಮ್ಮನೆ ಬಿಟ್ಟರೆ 2.62 ಲಕ್ಷ. ಹಾಗಿರುವಾಗ ಸರೆಂಡರ್ ಯಾಕೆ? ಇನ್ನು ಮುಂದುವರಿಸಿದರೆ, ಇನ್ನೂ ಕಟ್ಟಬೇಕಾದ 8.5 ಲಕ್ಷಕ್ಕೆ ಹೆಚ್ಚಾಗಿ ಸಿಗುವುದು 14.87 ಲಕ್ಷ, ಶೇ 6 ಕೂಡ ತುಂಬುವುದಿಲ್ಲ. ಅದೇ 17 ಕಂತು ಪಿಪಿಎಫ್‌ನಲ್ಲಿ 16.6 ಲಕ್ಷ ದಾಟುತ್ತದೆ, ಬಡ್ಡಿ ಈಗಿನಷ್ಟೇ ಇದ್ದರೆ. ಇದ್ದೇ ಇರುತ್ತದೆಂದು ನಾನು ಹೇಳುವುದಿಲ್ಲ, ಸರ್ಕಾರ ಮೂರು ತಿಂಗಳಿಗೊಮ್ಮೆ ಅದನ್ನು ಪರಿಶೀಲಿಸುತ್ತದೆ.

ನನ್ನ ಸಲಹೆ ಪೇಡ್-ಅಪ್. ಎಷ್ಟು ಕಂತಿನ ನಂತರ ಅದಕ್ಕೆ ಅವಕಾಶ, ಬೋನಸ್ ಉಳಿಯುತ್ತದೆಯೇ ಎಂಬುದನ್ನು ಪಾಲಿಸಿ ಬಾಂಡ್‌ನಲ್ಲಿ ಓದಿ, ಬ್ರಾಂಚಿನಿಂದ ಬರವಣಿಗೆಯಲ್ಲಿ ಪಡೆಯಿರಿ. ಬಾಯಿಮಾತು ಬೇಡ. ಹದಿನೈದು ಕಂತು ಕಟ್ಟಿ ಆದವರು ಇದನ್ನು ಓದಿ ನಿಲ್ಲಿಸಲು ಹೊರಡಬೇಡಿ. ಉಳಿದ ಕಂತುಗಳ ಲೆಕ್ಕ ಬೇರೆ, ಅದನ್ನು ಬೇರೆಯಾಗಿಯೇ ಮಾಡಬೇಕು.

ಎಸ್‌ಐಪಿಯಲ್ಲಿ ಸಿಗುತ್ತದೆನ್ನುವ ಶೇ 12 ಹಾಕಿ ಹೋಲಿಸಲಿಲ್ಲವೇಕೆ ಎಂದು ಕೆಲವರು ಕೇಳುತ್ತಾರೆ. ಶೇ 12 ಎಂದು ನಾವೇ ಬರೆದುಕೊಂಡರೆ ಎದುರಿಗಿರುವ ಯಾವ ಪಾಲಿಸಿಯೂ ಸೋಲಲೇಬೇಕು. 2008ರ ಜನವರಿಯಲ್ಲಿ 21,000 ಮುಟ್ಟಿದ್ದ ಸೆನ್ಸೆಕ್ಸ್ ಅದೇ ಅಕ್ಟೋಬರಿನಲ್ಲಿ 9,000ದ ಕೆಳಗಿತ್ತು. ಆಗ ಎಸ್‌ಐಪಿ ನಿಲ್ಲಿಸಿದವರಲ್ಲಿ ನಾನೂ ಒಬ್ಬ. ನಿಮ್ಮ ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿ ಕೂತ ಮೇಲೆ ಒಂದು ನಿಫ್ಟಿ ಇಂಡೆಕ್ಸ್ ಫಂಡ್‌ಗೆ (ನಿಫ್ಟಿ ಸೂಚ್ಯಂಕದ ಷೇರುಗಳನ್ನೇ ಕೊಳ್ಳುವ ಫಂಡ್), ಏಜೆಂಟರಿಲ್ಲದ ಡೈರೆಕ್ಟ್ ಪ್ಲಾನ್‌ನಲ್ಲಿ, ಎರಡು ಸಾವಿರದಿಂದ ಶುರುಮಾಡಿ. ಅದಕ್ಕೂ ಮೊದಲು ಬೇಡ. ವ್ಯಾಪಾರದ ಮನೆಗೆ ಆರು ತಿಂಗಳೂ ಕಡಿಮೆಯೇ.

ಮಾವನಿಗೆ ಏನು ಹೇಳಲಿ ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಏನೂ ಹೇಳಬೇಡಿ. ಇಂಥ ಪಾಲಿಸಿಗಳಲ್ಲಿ ಮಾಡಿಸಿದವರ ಕಮಿಷನ್‌ನ ದೊಡ್ಡ ತುತ್ತು ಮೊದಲ ವರ್ಷವೇ ಬಂದುಬಿಡುತ್ತದೆ. ಹಬ್ಬಕ್ಕೆ ಕರೆಯಿರಿ, ಒಬ್ಬಟ್ಟು ಬಡಿಸಿ, ಮುಂದಿನ ಫಾರಂಗೆ ಸಹಿ ಮಾತ್ರ ಹಾಕಬೇಡಿ.

*ನಮ್ಮೂರ ಪತ್ತಿನ ಸಹಕಾರ ಸಂಘ ಶೇ 11 ಬಡ್ಡಿ ಕೊಡುತ್ತಿದೆ. ಅಪ್ಪನ ನಿವೃತ್ತಿಯ ದುಡ್ಡು ಇಡಬಹುದೇ?*

ಬೇಡ. ಬ್ಯಾಂಕ್ ಮುಳುಗಿದರೆ ಒಬ್ಬ ಠೇವಣಿದಾರನಿಗೆ 5 ಲಕ್ಷದವರೆಗೆ ವಿಮೆ ಇದೆ, ಸಹಕಾರಿ ಬ್ಯಾಂಕಿಗೂ ಇದೆ. ಪತ್ತಿನ ಸಂಘಕ್ಕೆ ಇಲ್ಲ. ಬೋರ್ಡಿನಲ್ಲಿ ಇರುವುದು ‘ಬ್ಯಾಂಕ್’ ಎಂದೋ ‘ಸಂಘ’ ಎಂದೋ, ಅಪ್ಪನನ್ನು ಕರೆದುಕೊಂಡು ಹೋಗಿ ಓದಿಸಿ. ಅಧ್ಯಕ್ಷರು ಪರಿಚಯದವರು ಎಂಬುದು ಭದ್ರತೆಯಲ್ಲ.

*ಹೊಸ ಫಂಡ್‌ನ ಯೂನಿಟ್ ಬರೀ 10 ರೂಪಾಯಿ. ಹಳೆಯದರದು 400. ಹೊಸದೇ ಅಗ್ಗ ಅಲ್ಲವೇ?*

ಅಲ್ಲ. ಶೇ 10 ಏರಿದರೆ ಎರಡರಲ್ಲೂ ನಿಮ್ಮ ಸಾವಿರ ಆಗುವುದು ಸಾವಿರದ ನೂರೇ.

*ಟೆಲಿಗ್ರಾಂ ಗುಂಪೊಂದರಲ್ಲಿ ದಿನಾ ಆಪ್ಷನ್ಸ್ ಟಿಪ್ಸ್ ಕೊಡುತ್ತಾರೆ, ತಿಂಗಳಿಗೆ 3,000 ಫೀಸು.*

2024ರ ಸೆಪ್ಟೆಂಬರಿನಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ಕೊಟ್ಟ ಲೆಕ್ಕದಂತೆ, ಅದಕ್ಕೂ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್–ಆಪ್ಷನ್ಸ್ (ಬೆಲೆ ಏರುತ್ತದೋ ಇಳಿಯುತ್ತದೋ ಎಂದು ಪಣ ಕಟ್ಟುವ ವಹಿವಾಟು) ಆಡಿದ ಸಾಮಾನ್ಯರಲ್ಲಿ ಶೇ 93 ಮಂದಿ ಕಳೆದುಕೊಂಡಿದ್ದಾರೆ. ದಿನಾ ಗೆಲ್ಲುವವನಿಗೆ ನಿಮ್ಮ ಮೂರು ಸಾವಿರ ಯಾಕೆ ಬೇಕು?

*ಎಸ್‌ಐಪಿಗೆ ಯಾವ ತಾರೀಖು ಶುಭ?*

ಸಂಬಳ ಬಂದ ಮಾರನೇ ದಿನ.